ತ್ರೀಫೇಸ್ ಬಂದಾಗಲೇ ಕೈಕೊಡುವ ಸರ್ವರ್: ಅಕ್ಸೆಪ್ಟ್ ಹಂತದ ದೋಷ ಪತ್ತೆ

ಹೊಳಲ್ಕೆರೆ, ಚನ್ನಗಿರಿ, ಹೊಸದುರ್ಗದ ಕಡೆ ಅಡಿಕೆ, ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಪಂಪಿಗೆ ಸಿಮ್ ಇರುವ ಮೊಬೈಲ್ ಸ್ಟಾರ್ಟರ್ ಹಾಕಿಸುವುದುಂಟು. ಇವುಗಳಲ್ಲಿ ಇಂಟರ್ನೆಟ್ ಮೂಲಕ ಕೆಲಸ ಮಾಡುವ ಪೆಟ್ಟಿಗೆಗಳು ಕರೆಂಟ್ ಬಂದ ಕೂಡಲೇ ಸರ್ವರ್‌ಗೆ ಒಂದು ಟಿಸಿಪಿ ಸಂಪರ್ಕ ತೆರೆದು ವೋಲ್ಟೇಜ್, ಆಂಪಿಯರ್, ಪಂಪ್ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಕಳಿಸುತ್ತವೆ. ಅಂಥ ಸರ್ವರ್ ನೋಡಿಕೊಳ್ಳುವವರಿಗೆ ಬರುವ ದೂರು ಸಾಮಾನ್ಯವಾಗಿ ಒಂದೇ: ಮಿಕ್ಕ ಹೊತ್ತು ಎಲ್ಲ ಸರಿ, ತ್ರೀಫೇಸ್ ಕೊಟ್ಟ ಗಳಿಗೆಯಲ್ಲಿ ಮಾತ್ರ ಅರ್ಧ ಪೆಟ್ಟಿಗೆ ಆಫ್‌ಲೈನ್.

ಇಂಥ ದೂರು ಬಂದಾಗ ನೆಟ್‌ವರ್ಕ್ ಸರಿಯಿಲ್ಲ, ಸಿಮ್ ಸಿಗ್ನಲ್ ಇಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದೇ ಫೀಡರ್‌ನ ನೂರಾರು ಪೆಟ್ಟಿಗೆಗಳು ಒಂದೇ ನಿಮಿಷದಲ್ಲಿ ತಪ್ಪಿದರೆ ದೋಷ ಬಹುಮಟ್ಟಿಗೆ ಸರ್ವರ್‌ನಲ್ಲೇ ಇರುತ್ತದೆ, ಅದರಲ್ಲೂ ಅಕ್ಸೆಪ್ಟ್ ಎಂಬ ಸಿಸ್ಟಂ ಕಾಲ್‌ನ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂಗೆ ಮಾಡುವ ಕರೆ) ಆಸುಪಾಸಿನಲ್ಲಿ. ಇಲ್ಲಿರುವ ವಿವರ ಲಿನಕ್ಸ್ ಸರ್ವರ್‌ಗೆ ಸಂಬಂಧಿಸಿದ್ದು. ಸಿ, ಪೈಥಾನ್, ಜಾವಾ ಯಾವುದರಲ್ಲಿ ಬರೆದಿದ್ದರೂ ಒಳಗೆ ನಡೆಯುವುದು ಇದೇ.

ಅಕ್ಸೆಪ್ಟ್ ನಿಜಕ್ಕೂ ಏನು ಮಾಡುತ್ತದೆ

ಸಾಕೆಟ್ (ಸಂಪರ್ಕದ ತುದಿ ಹುಟ್ಟಿಸುವುದು), ಬೈಂಡ್ (ಅದಕ್ಕೆ ವಿಳಾಸ ಕೊಡುವುದು), ಲಿಸನ್ (ಕೇಳಲು ಶುರು ಮಾಡುವುದು), ಅಕ್ಸೆಪ್ಟ್ ಎಂಬ ಈ ನಾಲ್ಕು ಕರೆಗಳ ಕ್ರಮ 1983ರ ಬಿಎಸ್‌ಡಿ 4.2ರಿಂದ ಹಾಗೇ ಉಳಿದು ಬಂದಿದೆ. ಅಕ್ಸೆಪ್ಟ್ ಕರೆದಾಗ ಸಂಪರ್ಕ ಏರ್ಪಡುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಅದು ತಪ್ಪು ತಿಳಿವಳಿಕೆ, ಮುಂದಿನ ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ.

ದಾವಣಗೆರೆಯ ಎಪಿಎಂಸಿಗೆ ಸುಗ್ಗಿಯಲ್ಲಿ ಬರುವ ಮೆಕ್ಕೆಜೋಳದ ಲಾರಿಗಳನ್ನು ನೆನೆಸಿಕೊಳ್ಳಿ. ಗೇಟಿನಲ್ಲಿ ಚೀಟಿ ಕೊಟ್ಟು ಒಳಗೆ ಬಿಡುವವರು ಬೇರೆ, ಅಂಗಳದಲ್ಲಿ ನಿಂತ ಲಾರಿಯನ್ನು ಕರೆದು ತೂಕಕ್ಕೆ ಹಚ್ಚುವವರು ಬೇರೆ. ಚೀಟಿ ಸಿಕ್ಕಿತೆಂದರೆ ತೂಕವಾಯಿತು ಎಂದಲ್ಲ. ಟಿಸಿಪಿಯ ಮೂರು ಹೆಜ್ಜೆಯ ಕೈಕುಲುಕು, ಅಂದರೆ ಸಿನ್, ಸಿನ್-ಆಕ್, ಆಕ್, ಗೇಟಿನ ಚೀಟಿಯಿದ್ದಂತೆ. ಅದನ್ನು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ತಾನೇ ಮುಗಿಸುತ್ತದೆ, ನಿಮ್ಮ ಪ್ರೋಗ್ರಾಮಿಗೆ ಸುದ್ದಿಯೂ ಮುಟ್ಟುವುದಿಲ್ಲ. ಮುಗಿದ ಸಂಪರ್ಕ ಅಂಗಳದ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲಿನ ಮೊದಲನೆಯದನ್ನು ಎತ್ತಿಕೊಂಡು, ಅದಕ್ಕೊಂದು ಹೊಸ ಫೈಲ್ ಡಿಸ್ಕ್ರಿಪ್ಟರ್ (ಎಫ್‌ಡಿ), ಅಂದರೆ ಪ್ರೋಗ್ರಾಂ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ ಕೊಡುವುದಷ್ಟೇ ಅಕ್ಸೆಪ್ಟ್‌ನ ಕೆಲಸ.

ಆದ್ದರಿಂದ ಪ್ರೋಗ್ರಾಂ ಪೂರ್ತಿ ಕಟ್ಟಿಹಾಕಿದಂತೆ ನಿಂತಿದ್ದರೂ ಪೆಟ್ಟಿಗೆಗೆ "ಸಂಪರ್ಕ ಆಗಿದೆ" ಎಂದೇ ಕಾಣುತ್ತದೆ. ಅದು ಕಳಿಸಿದ ಮಾಹಿತಿಯನ್ನೂ ಕರ್ನಲ್ ಪಡೆದು ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಓದುವವರಿಲ್ಲ, ಅಷ್ಟೆ. ಟೆಲ್ನೆಟ್ ಹಾಕಿ ನೋಡಿ "ಪೋರ್ಟ್ ತೆರೆದಿದೆ, ಸರ್ವರ್ ಚೆನ್ನಾಗಿದೆ" ಎನ್ನುವ ಪರೀಕ್ಷೆಯನ್ನು ನಾವು ಒಪ್ಪದಿರುವುದು ಇದಕ್ಕೇ. ಅದರಿಂದ ಗೊತ್ತಾಗುವುದು ಗೇಟು ತೆರೆದಿದೆ ಎಂಬುದು ಮಾತ್ರ.

ಮೊದಲು ಹೊರಗಿನಿಂದ ನೋಡಿ

ಬೇರೆ ಕಡೆಯ ಒಂದು ಯಂತ್ರದಿಂದ ಸಂಪರ್ಕಕ್ಕೆ ಯತ್ನಿಸಿ. ತಕ್ಷಣ "ಕನೆಕ್ಷನ್ ರೆಫ್ಯೂಸ್ಡ್" (ದೋಷಸಂಖ್ಯೆ 111) ಬಂದರೆ ಆ ವಿಳಾಸದಲ್ಲಿ, ಆ ಪೋರ್ಟಿನಲ್ಲಿ ಕೇಳುವವರೇ ಇಲ್ಲ, ಇಲ್ಲವೇ ಫೈರ್‌ವಾಲ್ ಬಾಯಿಬಿಟ್ಟು ಬೇಡ ಎನ್ನುತ್ತಿದೆ. ಸರ್ವರ್‌ನಲ್ಲಿ ಸಾಕೆಟ್‌ಗಳ ಪಟ್ಟಿ ತೋರಿಸುವ ಎಸ್‌ಎಸ್ ಆಜ್ಞೆಯನ್ನು ಎಲ್, ಎನ್, ಟಿ, ಪಿ ಆಯ್ಕೆಗಳೊಂದಿಗೆ ಓಡಿಸಿ ಸ್ಥಳೀಯ ವಿಳಾಸದ ಕಾಲಂ ನೋಡಿ. ಅಲ್ಲಿ 127.0.0.1 ಎಂದಿದ್ದರೆ ಪ್ರೋಗ್ರಾಂ ತನ್ನ ಯಂತ್ರದ ಒಳಗಿನವರಿಗೆ ಮಾತ್ರ ಕಿವಿಗೊಟ್ಟಿದೆ. ಹೊರಗಿನವರಿಗೂ ಬೇಕಿದ್ದರೆ ಬೈಂಡ್‌ಗೆ 0.0.0.0 ಕೊಡಬೇಕು. "ನೋ ರೂಟ್ ಟು ಹೋಸ್ಟ್" ಬಂದರೆ ರೂಟರ್ ಹುಡುಕುತ್ತಾ ಹೋಗುವ ಮುನ್ನ ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಸೇವೆ ಓಡುತ್ತಿದೆಯೇ ನೋಡಿ. ಅದು ತಿರಸ್ಕರಿಸುವ ಬಗೆ ಆ ಕಡೆಗೆ ಹೀಗೇ ಕಾಣುತ್ತದೆ.

ಉತ್ತರವೇ ಬಾರದೆ ಕಾಯಿಸಿದರೆ ಎರಡು ಸಾಧ್ಯತೆ: ಕ್ಲೌಡ್ ಫೈರ್‌ವಾಲ್ ಸದ್ದಿಲ್ಲದೆ ಎಸೆಯುತ್ತಿದೆ, ಅಥವಾ ಸಾಲು ತುಂಬಿ ಕರ್ನಲ್ ಸಿನ್ ಎಸೆಯುತ್ತಿದೆ. ಇವನ್ನು ಬೇರೆ ಮಾಡುವುದು ಕಷ್ಟವಲ್ಲ. ಫೈರ್‌ವಾಲ್ ಆದರೆ ಯಾವ ಹೊತ್ತಿನಲ್ಲೂ ಸಂಪರ್ಕ ಆಗದು. ಸಾಲು ತುಂಬಿದ್ದಾದರೆ ಕೆಲವು ಯತ್ನ ಥಟ್ಟನೆ ಆಗುತ್ತವೆ, ಕೆಲವು 1, 3 ಅಥವಾ 7 ಸೆಕೆಂಡ್ ತಡೆದು ಆಗುತ್ತವೆ. ಈ ಅಂಕಿಗಳು ಲಿನಕ್ಸ್ ಸಿನ್ ಅನ್ನು ಮರಳಿ ಕಳಿಸುವ ಗಳಿಗೆಗಳು. 6.5 ಮತ್ತು ಅದರ ನಂತರದ ಕರ್ನಲ್‌ನಿಂದ ಯತ್ನಿಸಿದರೆ ಮೊದಲ ಕೆಲವು ಮರುಯತ್ನ ಒಂದೊಂದು ಸೆಕೆಂಡಿಗೇ ಆಗುತ್ತವೆ. ಆಗ ತಡೆ 1, 2, 3 ಎಂದು ಕಾಣಬಹುದು.

ಸಂಪರ್ಕ ಆಯಿತು, ಉತ್ತರ ಮಾತ್ರ ಇಲ್ಲ ಎಂದರೆ ಮುಂದಿನ ಭಾಗ ನಿಮಗೇ.

ಸಾಲಿನ ಉದ್ದ ಅಳೆಯುವುದು

ಅದೇ ಎಸ್‌ಎಸ್ ಆಜ್ಞೆ. ಕೇಳುತ್ತಿರುವ ಸಾಕೆಟ್‌ನ ನಮೂದಿನಲ್ಲಿ ರಿಸೀವ್-ಕ್ಯೂ ಎಂಬ ಕಾಲಂ ಅಕ್ಸೆಪ್ಟ್‌ಗಾಗಿ ಈಗ ಕಾಯುತ್ತಿರುವ ಸಂಪರ್ಕಗಳ ಸಂಖ್ಯೆ, ಸೆಂಡ್-ಕ್ಯೂ ಎಂಬುದು ಸಾಲಿನ ಮಿತಿ. ಮಾಮೂಲಿ ಸಂಪರ್ಕಗಳಲ್ಲಿ ಇದೇ ಎರಡು ಕಾಲಂ ಬೈಟ್‌ಗಳ ಲೆಕ್ಕ ಹೇಳುತ್ತವೆ, ಎರಡನ್ನೂ ಕಲಸಬೇಡಿ. ರಿಸೀವ್-ಕ್ಯೂ ಸದಾ 0 ಇದ್ದರೆ ಅಕ್ಸೆಪ್ಟ್ ಚುರುಕಾಗಿದೆ. ಏರುತ್ತಾ ಇಳಿಯುತ್ತಾ ಇದ್ದರೆ ಒತ್ತಡ ಇದೆ. ಮಿತಿಗಿಂತ ಒಂದು ಹೆಚ್ಚು, ಅಂದರೆ ಮಿತಿ 128 ಇರುವಲ್ಲಿ 129 ಕಂಡರೆ ಸಾಲು ತುಂಬಿದೆ. ಕರ್ನಲ್ ಮಿತಿಯನ್ನು ದಾಟಿದೆಯೇ ಎಂದು ನೋಡುತ್ತದೆ, ಮುಟ್ಟಿದೆಯೇ ಎಂದಲ್ಲ. ಆ ಒಂದು ಹೆಚ್ಚುವರಿ ಬರುವುದು ಹಾಗೆ.

ನೀವು ನೋಡುವ ಹೊತ್ತಿಗೆ ಸಾಲು ಕರಗಿರಬಹುದು. ಆಗ ಎನ್‌ಸ್ಟ್ಯಾಟ್ ಆಜ್ಞೆಯನ್ನು ಎ, ಝಡ್ ಆಯ್ಕೆಗಳೊಂದಿಗೆ ಓಡಿಸಿ ಲಿಸನ್-ಓವರ್‌ಫ್ಲೋಸ್, ಲಿಸನ್-ಡ್ರಾಪ್ಸ್ ಎಂಬ ಎರಡು ಎಣಿಕೆಗಳನ್ನು ನೋಡಿ. ಇವು ಯಂತ್ರ ಬೂಟ್ ಆದಾಗಿನಿಂದ ಕೂಡುತ್ತಾ ಬಂದವು, ಆದ್ದರಿಂದ ಮೊತ್ತಕ್ಕೆ ಅರ್ಥವಿಲ್ಲ. ತ್ರೀಫೇಸ್ ಬರುವ 5 ನಿಮಿಷ ಮೊದಲು ಒಮ್ಮೆ, ಬಂದ 5 ನಿಮಿಷದ ಮೇಲೆ ಒಮ್ಮೆ ಬರೆದಿಟ್ಟು ಕಳೆಯಿರಿ. ವ್ಯತ್ಯಾಸ ಸೊನ್ನೆಯಾದರೆ ಸಾಲು ತುಂಬಿಲ್ಲ, ದೋಷ ಬೇರೆಡೆ ಇದೆ. ಇಲ್ಲೇ ಹತ್ತು ನಿಮಿಷ ಕೊಟ್ಟರೆ ಮುಂದೆ ಎರಡು ದಿನ ಉಳಿಯುತ್ತದೆ.

ಸಾಲಿನ ಮಿತಿ ಎಲ್ಲಿಂದ ಬಂತು? ಲಿಸನ್‌ಗೆ ಕೊಟ್ಟ ಬ್ಯಾಕ್‌ಲಾಗ್ (ಸಾಲಿನಲ್ಲಿ ಎಷ್ಟು ನಿಲ್ಲಬಹುದು ಎಂಬ ಸಂಖ್ಯೆ) ಮತ್ತು ಕರ್ನಲ್‌ನ ಸೋಮ್ಯಾಕ್ಸ್‌ಕಾನ್ ಎಂಬ ಸೆಟ್ಟಿಂಗ್, ಇವೆರಡರಲ್ಲಿ ಚಿಕ್ಕದು ನಿಲ್ಲುತ್ತದೆ. ಸೋಮ್ಯಾಕ್ಸ್‌ಕಾನ್ 5.4ಕ್ಕಿಂತ ಹಿಂದಿನ ಕರ್ನಲ್‌ಗಳಲ್ಲಿ 128, ಅಲ್ಲಿಂದೀಚೆಗೆ 4096. ಬ್ಯಾಕ್‌ಲಾಗ್ ಮಾತ್ರ ಭಾಷೆಗೊಂದು ಬಗೆ: ಪೈಥಾನ್‌ನ ಸಾಕೆಟ್‌ಸರ್ವರ್ ಮಾಡ್ಯೂಲ್ ಸುಮ್ಮನೆ ಬಳಸಿದರೆ 5, ಜಾವಾದ ಸರ್ವರ್‌ಸಾಕೆಟ್‌ನಲ್ಲಿ 50, ನೋಡ್.ಜೆಎಸ್ ಮತ್ತು ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ 511. ಸಿ ಭಾಷೆಯ ಪಾಠದ ಉದಾಹರಣೆಗಳಲ್ಲಿ ಬರುವ ಲಿಸನ್ 5 ಹಾಗೇ ಉತ್ಪಾದನೆಯ ಸರ್ವರ್‌ವರೆಗೂ ಬಂದುಬಿಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ನಾಲ್ಕು ಕ್ಲೈಂಟ್‌ಗೆ ಅದು ಸಾಕು, ಒಂದು ಫೀಡರ್‌ಗೆ ಸಾಲದು. ಸೋಮ್ಯಾಕ್ಸ್‌ಕಾನ್ ಬದಲಿಸಿದ ಮೇಲೆ ಪ್ರೋಗ್ರಾಂ ಮತ್ತೆ ಶುರು ಮಾಡಿ. ಮಿತಿ ಗೊತ್ತಾಗುವುದು ಲಿಸನ್ ಕರೆದ ಗಳಿಗೆಯಲ್ಲಿ.

ಸಾಲು ಉದ್ದ ಮಾಡಿದರೆ ಸಾಕೇ

ಸಾಲದು, ಎಷ್ಟೋ ಕಡೆ ದುರಸ್ತಿ ಇಲ್ಲಿಗೇ ನಿಂತುಬಿಡುವುದು ನಮಗೆ ಬೇಸರದ ಸಂಗತಿ. ಒಂದು ಲೆಕ್ಕ ಹಾಕೋಣ. 600 ಪೆಟ್ಟಿಗೆಗಳು ಒಂದೆರಡು ಸೆಕೆಂಡಿನಲ್ಲಿ ಒಟ್ಟಿಗೆ ಬಂದವು ಎನ್ನಿ. ಪ್ರೋಗ್ರಾಂ ಒಂದೊಂದನ್ನು ಅಕ್ಸೆಪ್ಟ್ ಮಾಡಿ, ಅಲ್ಲೇ ಡೇಟಾಬೇಸ್‌ಗೆ ಬರೆದು, ಆಮೇಲೆ ಮುಂದಿನದಕ್ಕೆ ಹೋಗುತ್ತದೆ, ಒಂದಕ್ಕೆ 40 ಮಿಲಿಸೆಕೆಂಡ್. ಸೆಕೆಂಡಿಗೆ 25, ಅಂದರೆ 600 ಮುಗಿಯಲು 24 ಸೆಕೆಂಡ್. ಪೆಟ್ಟಿಗೆಯ ತಾಳ್ಮೆ 10 ಸೆಕೆಂಡ್ ಆದರೆ 250ಕ್ಕೆ ಸೇವೆ ಸಿಗುತ್ತದೆ, 350 ಬೇಸತ್ತು ಸಂಪರ್ಕ ಮುಚ್ಚಿ ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತವೆ.

ಇನ್ನೂ ಕೆಟ್ಟದ್ದೆಂದರೆ, ಮುಚ್ಚಿ ಹೋದವು ಸಾಲಿನಿಂದ ತಾವಾಗಿ ಕಳಚಿಕೊಳ್ಳುವುದಿಲ್ಲ. ಅಕ್ಸೆಪ್ಟ್ ಅವುಗಳಿಗೂ ಎಫ್‌ಡಿ ಕೊಡುತ್ತದೆ, ಪ್ರೋಗ್ರಾಂ ಸತ್ತವುಗಳಿಗೆ 40 ಮಿಲಿಸೆಕೆಂಡ್ ಸುರಿಯುತ್ತದೆ, ಜೀವಂತ ಇರುವವು ಕಾಯುತ್ತವೆ. ಅಂಥ ಸಂಪರ್ಕಕ್ಕೆ ಮೊದಲ ಸಲ ಬರೆದಾಗ ಆ ಕಡೆಯಿಂದ ರೀಸೆಟ್ ಬರುತ್ತದೆ, ಆಮೇಲೆ ಬರೆದರೆ ಸಿಗ್‌ಪೈಪ್ ಎಂಬ ಸಿಗ್ನಲ್ ಬಂದು ಸಿ ಪ್ರೋಗ್ರಾಂ ಲಾಗ್‌ನಲ್ಲಿ ಒಂದು ಸಾಲೂ ಬರೆಯದೆ ಸಾಯುತ್ತದೆ. ಸಿಗ್‌ಪೈಪ್ ಅನ್ನು ಅಲಕ್ಷಿಸುವಂತೆ ಮೊದಲೇ ಹೇಳಿಡಿ.

ಸರಿಯಾದ ದುರಸ್ತಿಯಲ್ಲಿ ಮೂರು ಕೆಲಸ ಸೇರುತ್ತವೆ. ಅಕ್ಸೆಪ್ಟ್ ಮಾಡುವ ಲೂಪ್ ಅದೊಂದೇ ಕೆಲಸ ಮಾಡಲಿ. ಡೇಟಾಬೇಸ್, ಡಿಎನ್‌ಎಸ್ ಹುಡುಕಾಟ, ಲಾಗ್ ಫೈಲಿಗೆ ಬರೆಯುವುದು ಇವೆಲ್ಲ ಬೇರೆ ಥ್ರೆಡ್‌ಗೆ ಹೋಗಲಿ. ಬ್ಯಾಕ್‌ಲಾಗ್ 1024ರ ಸುಮಾರಿಗೆ ಇರಲಿ. ಮೂರನೆಯದು ಪೆಟ್ಟಿಗೆಯೊಳಗಿನ ಕೆಲಸ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು: ಕರೆಂಟ್ ಬಂದ ಕೂಡಲೇ ಸಂಪರ್ಕಿಸದೆ 0ರಿಂದ 60 ಸೆಕೆಂಡಿನೊಳಗೆ ಯಾವುದೋ ಒಂದು ಗಳಿಗೆ ಆರಿಸಿಕೊಂಡು ಕಾಯುವುದು, ತಪ್ಪಿದರೆ ಪ್ರತಿ ಸಲ ಇಮ್ಮಡಿ ಕಾಯುವುದು. ಆಗ 600 ಪೆಟ್ಟಿಗೆ ಸೆಕೆಂಡಿಗೆ ಸರಾಸರಿ 10ರಂತೆ ಬರುತ್ತವೆ, ಹಳೆಯ ನಿಧಾನದ ಲೂಪ್ ಕೂಡ ತಡೆದುಕೊಳ್ಳುತ್ತದೆ.

ಟಿಸಿಪಿ-ಅಬಾರ್ಟ್-ಆನ್-ಓವರ್‌ಫ್ಲೋ ಎಂಬ ಗುಂಡಿಯನ್ನು 1 ಮಾಡಲು ಕೆಲವರು ಸಲಹೆ ಕೊಡುತ್ತಾರೆ. ಮಾಮೂಲಿಯಾಗಿ ಅದು 0: ಸಾಲು ತುಂಬಿದಾಗ ಕೊನೆಯ ಆಕ್ ಅನ್ನು ಕರ್ನಲ್ ಎಸೆದು ಸುಮ್ಮನಿರುತ್ತದೆ, ಪೆಟ್ಟಿಗೆ ಮಾತ್ರ ಸಂಪರ್ಕ ಆಯಿತೆಂದು ನಂಬಿರುತ್ತದೆ. 1 ಮಾಡಿದರೆ ರೀಸೆಟ್ ಹೋಗುತ್ತದೆ. ದೋಷ ಪತ್ತೆಗೆ ಸ್ವಲ್ಪ ಹೊತ್ತು 1 ಇಟ್ಟು ನೋಡಬಹುದು. ಹಾಗೇ ಬಿಟ್ಟರೆ ಒಂದೆರಡು ಸೆಕೆಂಡ್ ತಡೆದು ಒಳಗೆ ಬರಬಹುದಾಗಿದ್ದವನ್ನೂ ಹೊರಗಟ್ಟಿದಂತಾಗುತ್ತದೆ.

ಎಫ್‌ಡಿ ತೀರಿದಾಗ: ಇಎಂಫೈಲ್

ಸಿಪಿಯು ಒಮ್ಮೆಲೇ 100%ಕ್ಕೆ ಏರಿ, ಹೊಸ ಸಂಪರ್ಕ ಒಂದೂ ಒಳಬರದಿದ್ದರೆ ಸಿಸ್ಟಂ ಕಾಲ್‌ಗಳನ್ನು ತೋರಿಸುವ ಸ್ಟ್ರೇಸ್ ಅನ್ನು ಆ ಪ್ರಾಸೆಸ್‌ಗೆ ತಗುಲಿಸಿ ನೋಡಿ. ಅಕ್ಸೆಪ್ಟ್ ಸೆಕೆಂಡಿಗೆ ಸಾವಿರಾರು ಸಲ ಇಎಂಫೈಲ್ (24) ಎಂದು ಮರಳುತ್ತಿರುತ್ತದೆ. ಅರ್ಥ: ಈ ಪ್ರಾಸೆಸ್‌ಗೆ ಕೊಟ್ಟ ಎಫ್‌ಡಿ ಮುಗಿದಿವೆ. ತಪ್ಪಿದ ಅಕ್ಸೆಪ್ಟ್ ಸಂಪರ್ಕವನ್ನು ಸಾಲಿನಿಂದ ತೆಗೆಯುವುದಿಲ್ಲ, ಆದ್ದರಿಂದ ಈಪೋಲ್ (ಯಾವ ಎಫ್‌ಡಿಯಲ್ಲಿ ಕೆಲಸ ಬಂದಿದೆ ಎಂದು ತಿಳಿಸುವ ಲಿನಕ್ಸ್ ಸೌಲಭ್ಯ) "ಬಂದಿದೆ, ಬಂದಿದೆ" ಎಂದು ಎಬ್ಬಿಸುತ್ತಲೇ ಇರುತ್ತದೆ. ಇದನ್ನೇ ಹೋಲುವ ಇಎನ್‌ಫೈಲ್ (23) ಬಂದರೆ ತೀರಿದ್ದು ಇಡೀ ಯಂತ್ರದ ಎಫ್‌ಡಿ.

ಮಿತಿ ಸಾಮಾನ್ಯವಾಗಿ 1024. ಮೇಲಿನ 600 ಪೆಟ್ಟಿಗೆಯ ಸರ್ವರ್‌ಗೆ ಇದು ಸಾಕಲ್ಲವೇ ಎನಿಸುತ್ತದೆ. ನೋಡಿ: ಆರಂಭದ ಮೂರು ಎಫ್‌ಡಿ, ಕೇಳುವ ಸಾಕೆಟ್ ಒಂದು, ಈಪೋಲ್ ಒಂದು, ಒಟ್ಟು 5 ಕಳೆದು 1019 ಉಳಿದವು. ಬೆಳಿಗ್ಗೆ 600 ಪೆಟ್ಟಿಗೆ ಸೇರಿದವು. ಕರೆಂಟ್ ಹೋಯಿತು. ಪೆಟ್ಟಿಗೆ ಸತ್ತಿತೇ ಹೊರತು ಸಂಪರ್ಕ ಮುಚ್ಚುತ್ತೇನೆಂದು ಹೇಳುವ ಫಿನ್ ಕಳಿಸಲಿಲ್ಲ. ಸರ್ವರ್‌ನ ಪಾಲಿಗೆ ಆ 600 ಇನ್ನೂ ಎಸ್ಟಾಬ್ಲಿಶ್ಡ್, ಅಂದರೆ ಜೀವಂತ ಸಂಪರ್ಕಗಳು. ಮತ್ತೆ ಕರೆಂಟ್ ಬಂದಾಗ ಉಳಿದದ್ದು 419 ಮಾತ್ರ, 181 ಪೆಟ್ಟಿಗೆ ಹೊರಗೆ. ಮೂರನೆಯ ಸಲ ಒಂದಕ್ಕೂ ಜಾಗವಿಲ್ಲ. "ಸರ್ವರ್ ರೀಸ್ಟಾರ್ಟ್ ಮಾಡಿದರೆ ಒಂದು ದಿನ ಸರಿ ಇರುತ್ತದೆ" ಎಂಬ ದೂರಿನ ಹಿಂದೆ ಇರುವುದು ಈ ಲೆಕ್ಕ.

ಖಚಿತ ಮಾಡಿಕೊಳ್ಳಲು ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರಾಸೆಸ್ ಸಂಖ್ಯೆಯ ಒಳಗೆ ಎಫ್‌ಡಿ ಎಂಬ ಫೋಲ್ಡರ್‌ನಲ್ಲಿ ಎಷ್ಟು ನಮೂದುಗಳಿವೆ ಎಣಿಸಿ, ಪಕ್ಕದ ಲಿಮಿಟ್ಸ್ ಎಂಬ ಫೈಲಿನ ಮಿತಿಯೊಂದಿಗೆ ಹೋಲಿಸಿ. ಆಮೇಲೆ ಎಸ್‌ಎಸ್‌ನಲ್ಲಿ ಸ್ಥಿತಿ ನೋಡಿ. ಪೆಟ್ಟಿಗೆಗಳ ಸಂಖ್ಯೆಗಿಂತ ಎಸ್ಟಾಬ್ಲಿಶ್ಡ್ ಹೆಚ್ಚಿದ್ದರೆ ಮೇಲೆ ಹೇಳಿದ ಕರೆಂಟಿನ ಕಥೆ. ಕ್ಲೋಸ್-ವೇಟ್ ಗುಡ್ಡೆ ಬಿದ್ದಿದ್ದರೆ ಕಾರಣ ಬೇರೆ: ಆ ಕಡೆ ಸರಿಯಾಗಿಯೇ ಮುಚ್ಚಿದೆ, ನಿಮ್ಮ ಕೋಡ್ ಕ್ಲೋಸ್ ಕರೆಯುವುದನ್ನು ಮರೆತಿದೆ. ಹೆಚ್ಚಾಗಿ ದೋಷ ಬಂದಾಗ ಹೊರಬೀಳುವ ದಾರಿಯಲ್ಲಿ ಆ ಕ್ಲೋಸ್ ಬಿಟ್ಟುಹೋಗಿರುತ್ತದೆ.

ಸತ್ತ ಸಂಪರ್ಕಗಳಿಗೆ ಮದ್ದು ಕೀಪ್‌ಅಲೈವ್, ಅಂದರೆ ಮೌನವಾಗಿರುವ ಆ ಕಡೆಯನ್ನು "ಇದ್ದೀಯಾ" ಎಂದು ಕರ್ನಲ್ ಕೇಳುವುದು. ಸಾಕೆಟ್‌ಗೆ ಹೇಳದ ಹೊರತು ಅದು ಕೆಲಸ ಮಾಡುವುದಿಲ್ಲ, ಬರೀ ಆನ್ ಮಾಡಿದರೂ ಲಿನಕ್ಸ್ 7200 ಸೆಕೆಂಡ್ ಸುಮ್ಮನಿದ್ದು, ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ ಕೇಳುತ್ತದೆ, ಒಟ್ಟು 2 ತಾಸು 11 ನಿಮಿಷ. ನಮ್ಮ ಕಡೆಯ ಕರೆಂಟಿಗೆ ಇದು ಬಹಳವಾಯಿತು. ಪ್ರತಿ ಸಾಕೆಟ್‌ಗೆ 120 ಸೆಕೆಂಡ್ ಮೌನ, 30 ಸೆಕೆಂಡಿಗೊಮ್ಮೆ 3 ಸಲ ಎಂದು ಇಟ್ಟರೆ 210 ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಇದರ ಜೊತೆಗೆ, ಒಂದು ಪೆಟ್ಟಿಗೆಯ ಗುರುತಿನ ಸಂಖ್ಯೆ ಹೊಸ ಸಂಪರ್ಕದಲ್ಲಿ ಬಂದ ಕೂಡಲೇ ಅದರ ಹಳೆಯ ಎಫ್‌ಡಿ ಮುಚ್ಚಿಬಿಡಿ. ಎರಡೇ ಸಾಲಿನ ಕೋಡ್, ಇಎಂಫೈಲ್ ಮತ್ತೆ ತಲೆಹಾಕದು.

ಮಿತಿ ಏರಿಸುವಾಗ ಎರಡು ಎಚ್ಚರಿಕೆ. ಸಿಸ್ಟಂಡಿಯಿಂದ ಓಡುವ ಸೇವೆಗೆ ಶೆಲ್‌ನ ಯುಲಿಮಿಟ್ ಆಗಲಿ ಲಿಮಿಟ್ಸ್.ಕಾನ್ಫ್ ಆಗಲಿ ತಾಗುವುದಿಲ್ಲ, ಯೂನಿಟ್ ಫೈಲಿನಲ್ಲೇ ಲಿಮಿಟ್‌ನೋಫೈಲ್ ಬರೆಯಬೇಕು. ಇನ್ನೊಂದು, ಪ್ರೋಗ್ರಾಂ ಈಪೋಲ್ ಬದಲು ಅದೇ ಕೆಲಸದ ಹಳೆಯ ಕರೆಯಾದ ಸೆಲೆಕ್ಟ್ ಬಳಸುತ್ತಿದ್ದರೆ ಮಿತಿ ಏರಿಸಲೇಬೇಡಿ. ಸೆಲೆಕ್ಟ್‌ನ ಪಟ್ಟಿ 1024 ಎಫ್‌ಡಿಗೆ ಮಾತ್ರ ಅಳತೆ ಮಾಡಿದ್ದು, 1024 ಅಥವಾ ಅದಕ್ಕೂ ದೊಡ್ಡ ಸಂಖ್ಯೆಯ ಎಫ್‌ಡಿ ಹಾಕಿದರೆ ಪಕ್ಕದ ಮೆಮೊರಿ ಕೆಡುತ್ತದೆ. ಮೊದಲು ಪೋಲ್ ಅಥವಾ ಈಪೋಲ್‌ಗೆ ಬದಲಿಸಿ.

ಅಕ್ಸೆಪ್ಟ್ ಮರಳಿಸುವ ಇತರ ದೋಷಗಳು

ಇಎಗೇನ್ (11) ದೋಷವೇ ಅಲ್ಲ, ಸಾಲು ಖಾಲಿ ಎಂಬ ಸುದ್ದಿ. ಇಐಎನ್‌ಟಿಆರ್ (4) ಬಂದರೆ ಸಿಗ್ನಲ್ ಮಧ್ಯೆ ಬಂತು, ಮತ್ತೆ ಕರೆಯಿರಿ. ಇಕನ್‌ಅಬಾರ್ಟೆಡ್ (103) ಬಂದರೆ ಆ ಸಂಪರ್ಕ ಮುರಿದಿದೆ, ಮುಂದಿನದಕ್ಕೆ ಹೋಗಿ. ಲಿನಕ್ಸ್‌ನಲ್ಲಿ ಹೊಸ ಸಂಪರ್ಕದ ಮೇಲೆ ಆಗಲೇ ಬಂದು ಕೂತಿದ್ದ ನೆಟ್‌ವರ್ಕ್ ದೋಷಗಳನ್ನೂ (ಇಪ್ರೋಟೊ, ಇನೆಟ್‌ಡೌನ್, ಇಹೋಸ್ಟ್‌ಅನ್‌ರೀಚ್ ಮುಂತಾದವು) ಅಕ್ಸೆಪ್ಟ್ ನಿಮಗೇ ಕೊಡುತ್ತದೆ, ಅವಕ್ಕೂ ಮತ್ತೆ ಯತ್ನಿಸುವುದೇ ದಾರಿ. ಯಾವ ದೋಷ ಬಂದರೂ ಎಕ್ಸಿಟ್ ಮಾಡುವ ಪಾಠಪುಸ್ತಕದ ಕೋಡ್ ಇದ್ದರೆ ಒಂದು ಕೆಟ್ಟ ಪೆಟ್ಟಿಗೆ 600ನ್ನೂ ಕೆಡವುತ್ತದೆ. ಇಬ್ಯಾಡ್‌ಎಫ್ (9), ಇಐಎನ್‌ವ್ಯಾಲ್ (22) ಬಂದರೆ ಮಾತ್ರ ನಿಲ್ಲಿಸಿ ಕೋಡ್ ನೋಡಿ. ಕೇಳುವ ಸಾಕೆಟ್ ಅನ್ನು ಯಾರೋ ಮುಚ್ಚಿದ್ದಾರೆ, ಇಲ್ಲವೇ ಲಿಸನ್ ಕರೆದೇ ಇಲ್ಲ.

ದೋಷಸಂಖ್ಯೆ ಬಾರದೆ ಕಾಡುವ ತಪ್ಪುಗಳು

ಕೊನೆಯದಾಗಿ ಬಂದ ಪೆಟ್ಟಿಗೆಗೆ ಉತ್ತರವಿಲ್ಲ, ಇನ್ನೊಂದು ಬಂದ ಕೂಡಲೇ ಮೊದಲಿನದಕ್ಕೆ ಉತ್ತರ ಹೋಗುತ್ತದೆ. ಈ ವಿಚಿತ್ರ ಕಂಡರೆ ಈಪೋಲ್ ಅನ್ನು ಎಡ್ಜ್-ಟ್ರಿಗರ್ಡ್ (ಹೊಸದು ಬಂದಾಗ ಮಾತ್ರ ಎಬ್ಬಿಸುವ ಬಗೆ) ಆಗಿ ಬಳಸಿ, ಒಮ್ಮೆ ಎದ್ದಾಗ ಒಂದೇ ಅಕ್ಸೆಪ್ಟ್ ಮಾಡುತ್ತಿದ್ದಾರೆ ಎಂದು ತಿಳಿಯಿರಿ. ಇಎಗೇನ್ ಬರುವವರೆಗೆ ಎತ್ತುತ್ತಲೇ ಇರಬೇಕು, ಅದಕ್ಕೆ ಕೇಳುವ ಸಾಕೆಟ್ ನಾನ್-ಬ್ಲಾಕಿಂಗ್ (ಸಾಲು ಖಾಲಿ ಇದ್ದರೆ ಕಾಯದೆ ಮರಳುವಂಥದ್ದು) ಆಗಿರಲೇಬೇಕು. ಲಿನಕ್ಸ್‌ನಲ್ಲಿ ಈ ಗುಣ ಹೊಸ ಎಫ್‌ಡಿಗೆ ತಾನಾಗಿ ಬರುವುದಿಲ್ಲ, ಬಿಎಸ್‌ಡಿಯಲ್ಲಿ ಬರುತ್ತದೆ. ಕರ್ನಲ್ 2.6.28ರಲ್ಲಿ ಬಂದ ಅಕ್ಸೆಪ್ಟ್4 ಬಳಸಿದರೆ ಒಂದೇ ಕರೆಯಲ್ಲಿ ಹೇಳಿಬಿಡಬಹುದು.

ಒಬ್ಬರ ತೋಟದ ವೋಲ್ಟೇಜ್ ಇನ್ನೊಬ್ಬರ ಖಾತೆಯಲ್ಲಿ ಕಾಣುತ್ತಿದೆಯೇ? ಥ್ರೆಡ್ ಹುಟ್ಟಿಸುವಾಗ ಎಫ್‌ಡಿಯ ಬೆಲೆಯ ಬದಲು ಆ ವೇರಿಯಬಲ್‌ನ ವಿಳಾಸ ಕೊಟ್ಟಿರುತ್ತಾರೆ. ಥ್ರೆಡ್ ಓದುವಷ್ಟರಲ್ಲಿ ಮುಂದಿನ ಅಕ್ಸೆಪ್ಟ್ ಅದರ ಮೇಲೆ ಬರೆದಿರುತ್ತದೆ, ಇಬ್ಬರ ಕೈಗೂ ಒಂದೇ ಎಫ್‌ಡಿ. ಕಡಿಮೆ ಒತ್ತಡದಲ್ಲಿ ಇದು ಎಂದೂ ಕಾಣಿಸದು. ಫೋರ್ಕ್ ಬಳಸುವಲ್ಲಿ ತಂದೆ ಪ್ರಾಸೆಸ್ ಹೊಸ ಎಫ್‌ಡಿಯನ್ನು ಮುಚ್ಚದಿದ್ದರೆ, ಮಗ ಮುಚ್ಚಿದರೂ ಆ ಕಡೆಗೆ ಫಿನ್ ಹೋಗುವುದಿಲ್ಲ, ಎಫ್‌ಡಿಯೂ ಸೋರುತ್ತದೆ.

ಅಕ್ಸೆಪ್ಟ್‌ಗೆ ವಿಳಾಸದ ಉದ್ದ ಹೇಳುವ ಮೂರನೆಯ ಆರ್ಗ್ಯುಮೆಂಟ್‌ಗೆ ಪ್ರತಿ ಕರೆಗೂ ಮುಂಚೆ ಮತ್ತೆ ಬೆಲೆ ತುಂಬಿ. ಅಕ್ಸೆಪ್ಟ್ ಅದನ್ನು ಬದಲಿಸಿ ಕೊಡುತ್ತದೆ. ಐಪಿವಿ4ರ ವಿಳಾಸಕ್ಕೆ 16 ಬೈಟ್, ಐಪಿವಿ6ಕ್ಕೆ 28. ಎರಡಕ್ಕೂ ಆಗುವ ಸಾಕೆಟ್-ವಿಳಾಸ-ಸ್ಟೋರೇಜ್ ರಚನೆಯನ್ನೇ ಬಳಸುವುದು ಒಳ್ಳೆಯದು.

ಕರ್ನಲ್ 3.10 ಇರುವ ಸೆಂಟ್‌ಓಎಸ್ 7ರಂಥ ಹಳೆಯ ಸರ್ವರ್ ಆದರೆ ಟಿಸಿಪಿ-ಟಿಡಬ್ಲ್ಯು-ರೀಸೈಕಲ್ ಎಂಬ ಕರ್ನಲ್ ಸೆಟ್ಟಿಂಗ್ 0 ಇದೆಯೇ ಖಚಿತ ಮಾಡಿಕೊಳ್ಳಿ. ಮೊಬೈಲ್ ಜಾಲದಲ್ಲಿ ಹಲವು ಸಿಮ್‌ಗಳು ಒಂದೇ ಸಾರ್ವಜನಿಕ ಐಪಿಯ ಹಿಂದೆ ಇರುತ್ತವೆ. ಅದು 1 ಇದ್ದರೆ ಒಂದು ಪೆಟ್ಟಿಗೆಯ ಟೈಂಸ್ಟ್ಯಾಂಪ್ ನೋಡಿ ಇನ್ನೊಂದರ ಸಿನ್ ಅನ್ನು ಕರ್ನಲ್ ಎಸೆಯುತ್ತದೆ. ಸಾಲು ಖಾಲಿ ಇದ್ದರೂ ಸಂಪರ್ಕ ಆಗದು. 4.12ರಲ್ಲಿ ಈ ಸೌಲಭ್ಯವನ್ನೇ ತೆಗೆದುಹಾಕಿದರು.

ಮೇಜಿನ ಮೇಲೆ ಪರೀಕ್ಷೆ

ತೋಟದವರೆಗೆ ಹೋಗದೆ ಇದನ್ನೆಲ್ಲ ಕಾಣಬಹುದು. ಬ್ಯಾಕ್‌ಲಾಗ್ 5 ಇರುವ ಸರ್ವರ್ ಓಡಿಸಿ, ಅದಕ್ಕೆ ಸಿಗ್‌ಸ್ಟಾಪ್ ಕಳಿಸಿ ನಿಲ್ಲಿಸಿ. ಈಗ ಎನ್‌ಸಿ ಆಜ್ಞೆಯಿಂದ ಒಂದೊಂದಾಗಿ ಸಂಪರ್ಕಿಸಿ. ಪ್ರೋಗ್ರಾಂ ನಿಂತಿದ್ದರೂ 6 ಸಂಪರ್ಕ ಸಲೀಸಾಗಿ ಆಗುತ್ತವೆ, ರಿಸೀವ್-ಕ್ಯೂ 1ರಿಂದ 6ಕ್ಕೆ ಏರುತ್ತದೆ. ಏಳನೆಯದು ಸಿನ್-ಸೆಂಟ್ ಸ್ಥಿತಿಯಲ್ಲಿ ನಿಲ್ಲುತ್ತದೆ, ಅದರ ಪ್ರತಿ ಮರುಯತ್ನಕ್ಕೂ ಲಿಸನ್-ಓವರ್‌ಫ್ಲೋಸ್ ಏರುತ್ತದೆ. ಸಿಗ್‌ಕಾಂಟ್ ಕಳಿಸಿದ ಕೂಡಲೇ ಆರೂ ಒಳಬರುತ್ತವೆ, ಏಳನೆಯದು ತನ್ನ ಮುಂದಿನ ಮರುಯತ್ನದವರೆಗೆ ಕಾಯುತ್ತದೆ. ಬ್ಯಾಕ್‌ಲಾಗ್ ಬದಲಿಸಿ ಮತ್ತೆ ಮಾಡಿ, ಎಣಿಕೆ ಅದಕ್ಕೆ ತಕ್ಕಂತೆ ಸರಿಯುವುದನ್ನು ನೋಡಿ.

ಕರೆಂಟ್ ಹೋದ ಪೆಟ್ಟಿಗೆಯನ್ನು ಅನುಕರಿಸಲು ಕ್ಲೈಂಟ್ ಪ್ರೋಗ್ರಾಂ ಕೊಂದರೆ ಸಾಲದು, ಕರ್ನಲ್ ಅದರ ಪರವಾಗಿ ಫಿನ್ ಕಳಿಸಿಬಿಡುತ್ತದೆ. ಬೇರೆ ಯಂತ್ರದಿಂದ ಸಂಪರ್ಕಿಸಿ, ಅದರ ನೆಟ್‌ವರ್ಕ್ ಕೇಬಲ್ ಕಿತ್ತು, 210 ಸೆಕೆಂಡ್ ಎಣಿಸಿ. ಎಸ್‌ಎಸ್‌ನ ಎಸ್ಟಾಬ್ಲಿಶ್ಡ್ ನಮೂದು ಆ ಹೊತ್ತಿಗೆ ಮಾಯವಾಗಿ, ಎಫ್‌ಡಿ ಫೋಲ್ಡರ್‌ನ ಎಣಿಕೆಯೂ ಒಂದು ಇಳಿದಿರಬೇಕು. ನಮೂದು ಹೋಗಿ ಎಣಿಕೆ ಇಳಿಯದಿದ್ದರೆ ಕೀಪ್‌ಅಲೈವ್ ತನ್ನ ಕೆಲಸ ಮಾಡಿದೆ, ರೀಡ್‌ನಿಂದ ಬಂದ ಇಟೈಮ್ಡ್‌ಔಟ್ (110) ನೋಡಿ ಕ್ಲೋಸ್ ಕರೆಯಬೇಕಾದ ಸಾಲು ನಿಮ್ಮ ಕೋಡ್‌ನಲ್ಲಿ ಇಲ್ಲ.